ಮಾತಿನ ಹೊಣೆ

ನಮ್ಮಲ್ಲಿ ನಾಲ್ಕು ಜನ ಸೇರಿದರೆ ಕಾವೇರಿ ನೀರಿನ ಮಾತು, ಬೆಂಗಳೂರಿನ ರಸ್ತೆಗುಂಡಿಯ ಮಾತು ಬಂದೇ ಬರುತ್ತದೆ. ನಮ್ಮ ಬೀದಿಯ ಲೈಬ್ರರಿ ಮುಚ್ಚುವ ಸುದ್ದಿ ಬಂದರೆ ಮಾತ್ರ, "ನಮಗೇಕೆ ಬೇಕು? ನಾವು ಹೊರಗಿನವರು" ಎಂದು ಸುಮ್ಮನಾಗುತ್ತೇವೆ.

ಇದು ಸಂಕೋಚವೋ, ಅನುಕೂಲವೋ? ಅತಿಥಿಗಳು ಮನೆಯವರ ವಿಚಾರದಲ್ಲಿ ಬಾಯಿ ಹಾಕಬಾರದು, ನಿಜ. ಆದರೆ ಕೌನ್ಸಿಲ್ ಟ್ಯಾಕ್ಸ್ ಕಟ್ಟುವ ಅತಿಥಿಗಳುಂಟೇ? ವಾಸದ ಅನುಮತಿ ಇದ್ದರೆ, ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರೂ ಕಾಮನ್‌ವೆಲ್ತ್ ಪ್ರಜೆಗಳಾಗಿ ಹೆಸರು ನೋಂದಾಯಿಸಿ ಇಲ್ಲಿ ಮತ ಹಾಕಬಹುದು. ಲಂಡನ್ನಿನ 32 ಬರೋಗಳಿಗೂ ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ. ಕೌನ್ಸಿಲ್ ಸಭೆ ನಡೆಯುವಾಗ ಸಾರ್ವಜನಿಕರು ಹೋಗಿ ಕೂರಬಹುದು.

ಮಂಡ್ಯದ ನಾಲೆಯ ಬಗ್ಗೆ ನಾವು ಆಡಿದ ಮಾತು ತಪ್ಪಾದರೂ ನಮ್ಮ ಗದ್ದೆಯೇನೂ ಒಣಗುವುದಿಲ್ಲ. ಇಲ್ಲಿ ಆಡಿದ ಮಾತಿಗೆ ನಾಳೆ ಬೆಳಿಗ್ಗೆ ಪಕ್ಕದ ಮನೆಯವರಿಗೆ ಉತ್ತರ ಹೇಳಬೇಕು. ಹೊಣೆಯಿಲ್ಲದ ಕಡೆ ಉದ್ದುದ್ದ ಭಾಷಣ, ಹೊಣೆಯಿರುವ ಕಡೆ ಮೌನ. ಇದು ಸರಿಯೇ?

2015ರ ನವೆಂಬರ್ 14ರಂದು ಲ್ಯಾಂಬೆತ್‌ನ ಥೇಮ್ಸ್ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆ ಅನಾವರಣವಾದಾಗ ನಾವೆಲ್ಲ ಹೆಮ್ಮೆಪಟ್ಟೆವು. ಅನುಭವ ಮಂಟಪದಲ್ಲಿ ಅಂಬಿಗರು, ಮಡಿವಾಳರು, ಹೆಂಗಸರು ಎಲ್ಲರೂ ಸಮನಾಗಿ ಕೂತು ಮಾತಾಡಿದರೆಂದು ಮಕ್ಕಳಿಗೆ ಹೇಳಿದೆವು. ನಾವೇ ನಮ್ಮ ಬೀದಿಯ ಸಭೆಗೆ ಹೋಗದಿದ್ದರೆ ಮಕ್ಕಳು ಅದನ್ನು ನಂಬುತ್ತಾರೆಯೇ?

ಯಾವ ಪಕ್ಷ ಎಂಬುದು ಅವರವರ ಇಷ್ಟ. ಮುಂದಿನ ಬಾರಿ ಸೇರಿದಾಗ ಕಾವೇರಿಯ ಜೊತೆಗೆ ನಮ್ಮ ಬೀದಿಯ ಮಾತಿಗೂ ಅರ್ಧ ಗಂಟೆ ಇಡೋಣ.