ಗುರುವನ್ನು ಹೊತ್ತ ಹೆಗಲು

ಚಿತ್ರದುರ್ಗದ ಟೀ ಅಂಗಡಿಯಲ್ಲಿ ಹಳೆಯ ಗೆಳೆಯರೊಬ್ಬರು ಕೇಳಿದರು: "ಸಾಬ್ರೇ, ನಾಲಂದ ಸುಟ್ಟೋರು ನಿಮ್ಮೋರೇ ಅಲ್ವಾ?" ಮಾತಿನಲ್ಲಿ ಕುಹಕವಿರಲಿಲ್ಲ. ಆದರೂ "ಅದಕ್ಕೂ ನನಗೂ ಏನು ಸಂಬಂಧ?" ಎಂದುಬಿಟ್ಟೆ. ಮನೆಗೆ ಬಂದ ಮೇಲೆ ಆ ಉತ್ತರ ನನಗೇ ಒಪ್ಪಿಗೆಯಾಗಲಿಲ್ಲ. ಗೋಲಗುಂಬಜದ ಮುಂದೆ ಮಕ್ಕಳನ್ನು ನಿಲ್ಲಿಸಿ "ಇದು ನಮ್ಮವರು ಕಟ್ಟಿದ್ದು" ಎಂದವನು ನಾನೇ. ಕಟ್ಟಿದವರು ನಮ್ಮವರು, ಕೆಡವಿದವರು ಮಾತ್ರ ಯಾರೋ ಎನ್ನುವುದು ಯಾವ ನ್ಯಾಯ?

ನಡೆದದ್ದನ್ನು ಮುಚ್ಚಿಡಬೇಕಾಗಿಲ್ಲ. 12ನೇ ಶತಮಾನದ ಕೊನೆಯ ಹೊತ್ತಿಗೆ ಬಖ್ತಿಯಾರ್ ಖಿಲ್ಜಿಯ ಸೈನಿಕರು ಬಿಹಾರದ ಕೋಟೆಯೊಂದಕ್ಕೆ ನುಗ್ಗಿ, ತಲೆ ಬೋಳಿಸಿಕೊಂಡಿದ್ದ ಅಲ್ಲಿನ ನಿವಾಸಿಗಳನ್ನು ಕೊಂದರು. ಅದು ವಿದ್ಯಾಲಯವೆಂದು ಆಮೇಲೆ ತಿಳಿಯಿತು. ರಾಶಿ ಪುಸ್ತಕಗಳಿದ್ದವು, ಅರ್ಥ ಹೇಳಲು ಯಾರೂ ಉಳಿದಿರಲಿಲ್ಲ. ಇದನ್ನು 1260ರ ಸುಮಾರಿಗೆ ತನ್ನ 'ತಬಕಾತೆ ನಾಸಿರಿ'ಯಲ್ಲಿ ಬರೆದಿಟ್ಟವನು ಮುಸ್ಲಿಮ್ ಇತಿಹಾಸಕಾರ ಮಿನ್ಹಾಜ್. ಅದು ನಾಲಂದವಲ್ಲ, ಸಮೀಪದ ಓದಂತಪುರಿ ಎಂಬುದು ಅನೇಕ ವಿದ್ವಾಂಸರ ಮತ. ಇರಬಹುದು. ಊರಿನ ಹೆಸರು ಬದಲಾದರೆ ಕೊಲೆ ಕೊಲೆಯಲ್ಲವೆಂದಾಗುವುದೇ?

1235ರ ಸುಮಾರಿಗೆ ಟಿಬೆಟ್ಟಿನ ಭಿಕ್ಷು ಧರ್ಮಸ್ವಾಮಿ ನಾಲಂದಕ್ಕೆ ಬಂದ. ಹಾಳುಬಿದ್ದ ವಿಹಾರದಲ್ಲಿ ತೊಂಬತ್ತು ದಾಟಿದ ರಾಹುಲಶ್ರೀಭದ್ರರು ಸುಮಾರು ಎಪ್ಪತ್ತು ಶಿಷ್ಯರಿಗೆ ಪಾಠ ಹೇಳುತ್ತಿದ್ದರು. ಸೈನಿಕರು ಮತ್ತೆ ಬರುತ್ತಾರೆಂಬ ಸುದ್ದಿಗೆ ಉಳಿದವರೆಲ್ಲ ಓಡಿದರು. ಧರ್ಮಸ್ವಾಮಿ ಮುದಿ ಗುರುವನ್ನು ಹೆಗಲ ಮೇಲೆ ಹೊತ್ತು ಒಯ್ದು ಉಳಿಸಿಕೊಂಡ.

ಶಿಷ್ಯ ಗುರುವನ್ನು ಗೌರವಿಸಬೇಕೆಂಬ ಮಾತು ಅದಕ್ಕೂ ಸುಮಾರು 1500 ವರ್ಷ ಮೊದಲೇ ನಮ್ಮ ಜಿಲ್ಲೆಯ ಬಂಡೆಯ ಮೇಲಿತ್ತು. ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ 1892ರಲ್ಲಿ ಕಂಡುಹಿಡಿದ ಅಶೋಕನ ಶಾಸನ ತಂದೆತಾಯಿಗಳ ಸೇವೆ, ಜೀವದಯೆ, ಸತ್ಯವನ್ನೂ ಹೇಳುತ್ತದೆ. ಅದನ್ನು ಬರೆದ ಚಪಡ ಎಂಬ ಲಿಪಿಕಾರ ಬ್ರಾಹ್ಮಿಯಲ್ಲಿ ಎಲ್ಲ ಬರೆದು, ಕೊನೆಯಲ್ಲಿ ತನ್ನ ವೃತ್ತಿಯನ್ನು ಸೂಚಿಸುವ ಪದವನ್ನು ಮಾತ್ರ ಬಲದಿಂದ ಎಡಕ್ಕೆ ಹೋಗುವ ಖರೋಷ್ಠಿಯಲ್ಲಿ ಬರೆದ. ಅಲಿಫ್-ಬೇಯನ್ನು ಬಲದಿಂದಲೂ ಅಆಇಈಯನ್ನು ಎಡದಿಂದಲೂ ಕಲಿತ ನನಗೆ ಅವನು ನಮ್ಮವನೇ ಅನ್ನಿಸಿದ. ಅವನು ನನ್ನ ಮತದವನಲ್ಲ, ರಕ್ತದವನೂ ಅಲ್ಲ.

ಒಬ್ಬರ ಪಾಪದ ಹೊರೆ ಇನ್ನೊಬ್ಬರದಲ್ಲ ಎಂಬುದು ನಾನು ಕಲಿತ ಧರ್ಮ. ಖಿಲ್ಜಿಯ ಪಾಪ ನನ್ನದಲ್ಲ. ಆದರೆ ಆ ಪುಸ್ತಕಗಳ ದುಃಖ ನನ್ನದಾಗಬೇಕು. ಇಲ್ಲದಿದ್ದರೆ ಗೋಲಗುಂಬಜದ ಹೆಮ್ಮೆಗೂ ನಾನು ಹಕ್ಕುದಾರನಲ್ಲ.

ಮರುದಿನ ಗೆಳೆಯರಿಗೆ ಹೇಳಿದೆ: "ನಿನ್ನೆ ನಾನು ಹೇಳಿದ್ದು ಸರಿಯಲ್ಲ. ಸಂಬಂಧ ಇದೆ. ಭಾನುವಾರ ಬನ್ನಿ, ಬ್ರಹ್ಮಗಿರಿಗೆ ಹೋಗಿಬರೋಣ."