ಹೇಳಿಕೊಡಬಾರದ ಪಾಠ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಮಕ್ಕಳನ್ನು ಪರೀಕ್ಷೆಗೆ ಸಿದ್ಧಪಡಿಸಿದವಳು ನಾನು. ಹೇಳಿಕೊಡಬಾರದ ಪರೀಕ್ಷೆಯೂ ಒಂದಿದೆ ಎಂದು ತಿಳಿದದ್ದು ಈಚೆಗೆ. ಅತ್ತೆಯವರಿಗೆ ಮರೆವು ಹೆಚ್ಚಿ, ವೈದ್ಯರು ನೆನಪು, ಗಮನ, ಮಾತು, ಯೋಚನೆ ಎಲ್ಲವನ್ನೂ ಅಳೆಯುವ ಪರೀಕ್ಷೆಗೆ ಬರೆದುಕೊಟ್ಟರು. ನಾದಿನಿ ಫೋನು ಮಾಡಿ, "ಅತ್ತಿಗೆ, ನೀವು ಟೀಚರ್ ಅಲ್ವಾ, ಅಮ್ಮನಿಗೆ ಮೊದಲೇ ಸ್ವಲ್ಪ ಹೇಳಿಕೊಡಿ. ಅಲ್ಲಿ ಮರ್ಯಾದೆ ಹೋಗಬಾರದು" ಎಂದಳು.

ಹೇಳಿಕೊಡುವುದೇನೂ ಕಷ್ಟವಲ್ಲ. 1975ರಲ್ಲಿ ಪ್ರಕಟವಾದ 30 ಅಂಕಗಳ ಚಿಕ್ಕ ಪರೀಕ್ಷೆಯೊಂದಿದೆ: ಇವತ್ತು ಯಾವ ವಾರ, ಇದು ಯಾವ ಊರು, ಮೂರು ಪದ ಹೇಳಿ ಸ್ವಲ್ಪ ಹೊತ್ತಿನ ಮೇಲೆ ಕೇಳುವುದು, 100ರಿಂದ ಏಳೇಳು ಕಳೆಯುತ್ತಾ ಹೋಗುವುದು. ದೊಡ್ಡ ಪರೀಕ್ಷೆಯಾದರೆ ಗಂಟೆಗಟ್ಟಲೆ. ಆದರೆ ಬಾಯಿಪಾಠ ಮಾಡಿಸಿ ಕರೆದೊಯ್ಯುವುದು, ಜ್ವರ ನೋಡುವ ಮುಂಚೆ ಬಾಯಿಗೆ ತಣ್ಣೀರು ಹಾಕಿಕೊಂಡಂತೆ. ಮರೆವಿಗೆ ಥೈರಾಯ್ಡ್ ಕಾರಣವಿರಬಹುದು, ಬಿ-12 ಕೊರತೆ, ಮನಸ್ಸಿನ ಖಿನ್ನತೆಯೂ ಇರಬಹುದು, ಇವಕ್ಕೆಲ್ಲ ಔಷಧವಿದೆ. ಮರ್ಯಾದೆ ಉಳಿಸಲು ಹೋಗಿ ಅದನ್ನು ತಪ್ಪಿಸುವುದು ಯಾವ ನ್ಯಾಯ? ಇಲ್ಲಿ ಪಾಸು-ಫೇಲೂ ಇಲ್ಲ. ವಯಸ್ಸು, ಓದನ್ನು ಲೆಕ್ಕಕ್ಕೆ ಹಿಡಿದೇ ಅಂಕ ತೂಗುತ್ತಾರೆ.

ಹಾಗೆಂದು ನಾದಿನಿಯ ಸಂಕಟ ಸುಳ್ಳಲ್ಲ. ಹಾಲಿನ ಲೆಕ್ಕ, ಚೀಟಿಯ ಲೆಕ್ಕ ಎಲ್ಲ ಬಾಯಲ್ಲೇ ಇಟ್ಟುಕೊಂಡಿದ್ದ ತಾಯಿ ಅವರು.

ಹಿಂದಿನ ರಾತ್ರಿ ಒಳ್ಳೆಯ ನಿದ್ದೆ, ಬೆಳಿಗ್ಗೆ ತಿಂಡಿ, ಕನ್ನಡಕ, ನುಂಗುವ ಮಾತ್ರೆಗಳ ಪಟ್ಟಿ, ಹಳೆಯ ರಿಪೋರ್ಟುಗಳು. ಇಷ್ಟೇ ತಯಾರಿ ಎಂದುಕೊಂಡಿದ್ದೆ. ನಿಜವಾದ ಕಷ್ಟ ಆಮೇಲೆ ಬಂತು. ಮನೆಯವರನ್ನೂ ಕೇಳುತ್ತಾರಂತೆ. ಗ್ಯಾಸ್ ಹಚ್ಚಿ ಮರೆತದ್ದು, ಸಾರಿಗೆ ಎರಡು ಸಲ ಉಪ್ಪು, ಒಂದೇ ಮಾತನ್ನು ಹತ್ತು ಸಲ ಕೇಳಿದ್ದು, ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದೆ. ಓದಿದರೆ ಥೇಟು ಸೊಸೆ ಹೇಳುವ ಚಾಡಿ! ಮರೆಮಾಚಿದರೆ ವೈದ್ಯರಿಗೆ ಮೋಸ. ಅವರಿಲ್ಲದಾಗ ಹೇಳಿದರೆ ಅತ್ತೆಗೆ. ಹಿರಿಯರನ್ನು ನೋಯಿಸಬಾರದೆಂದು ನಾವು ಹೆಂಗಸರು ಎಷ್ಟೋ ವಿಷಯಗಳನ್ನು ಅವರ ಬೆನ್ನ ಹಿಂದೆಯೇ ತೀರ್ಮಾನಿಸಿಬಿಡುತ್ತೇವೆ. ಅದು ಗೌರವವೆಂದು ನನಗೆ ಅನ್ನಿಸುವುದಿಲ್ಲ.

ಸಂಜೆ ದೀಪ ಹಚ್ಚಿದ ಮೇಲೆ ಪಕ್ಕದಲ್ಲಿ ಕೂತು, "ಅತ್ತೆ, ನಾಳೆ ಇದನ್ನೆಲ್ಲ ಡಾಕ್ಟರಿಗೆ ಹೇಳಬೇಕು, ಹೇಳಲೇ?" ಎಂದು ಪೂರಾ ಓದಿದೆ. (ಇಲ್ಲಿ ಬರೆಯಲೂ ಅವರನ್ನು ಕೇಳಿಯೇ ಬರೆದಿದ್ದೇನೆ.) ಉಪ್ಪಿನ ವಿಷಯಕ್ಕೆ ಜಗಳವಾಡಿದರು, ಒಂದು ಸಲವಂತೆ, ಎರಡಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ನನಗೆ ಗೊತ್ತೇ ಇಲ್ಲದ್ದೊಂದನ್ನು ಹೇಳಿದರು. ದೇವಸ್ಥಾನದಿಂದ ಬರುವಾಗ ದಾರಿ ತಪ್ಪಿತ್ತಂತೆ, ಹೂವಿನವಳು ಬೀದಿಯ ತಿರುವಿನವರೆಗೆ ಬಿಟ್ಟು ಹೋದಳಂತೆ.

"ಅದನ್ನೂ ಬರೆದುಕೋ" ಎಂದರು.