ಸೊನ್ನೆ ಬೇರೆ, ಗೊತ್ತಿಲ್ಲ ಬೇರೆ

1187807400. ಯಾರದೋ ಮೊಬೈಲ್ ನಂಬರ್ ಥರ ಕಾಣಿಸುತ್ತೆ, ಆದರೆ ಇದು ನಮ್ಮ ಜಿಲ್ಲೆ ಹುಟ್ಟಿದ ದಿನ. ಗ್ರೀನ್‌ವಿಚ್ ಲೆಕ್ಕದಲ್ಲಿ 1970ರ ಜನವರಿ 1ರ ಮಧ್ಯರಾತ್ರಿಯಿಂದ, ಅಂದರೆ ನಮ್ಮ ಬೆಳಗಿನ ಐದೂವರೆಯಿಂದ, ಕಂಪ್ಯೂಟರು ಸೆಕೆಂಡುಗಳನ್ನು ಎಣಿಸುತ್ತೆ. ಆ ಎಣಿಕೆ ಇಷ್ಟಕ್ಕೆ ಬಂದಾಗ ಇಲ್ಲಿ 2007ರ ಆಗಸ್ಟ್ 23 ಶುರುವಾಯ್ತು. ಆವತ್ತು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೇರಿ ಹೊಸ ಜಿಲ್ಲೆ ಆಯ್ತು. 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಅಂತ ಬದಲಾಯ್ತು, ಈ ಸಂಖ್ಯೆ ಬದಲಾಗಲಿಲ್ಲ.

ಸಂಖ್ಯೆಯನ್ನು ತಾರೀಖು ಮಾಡೋದು ಕಷ್ಟವಲ್ಲ. 86400ರಿಂದ ಭಾಗಿಸಿದರೆ ದಿನಗಳು ಸಿಗುತ್ತವೆ. ಅಧಿಕ ವರ್ಷಗಳನ್ನು ಲೆಕ್ಕಕ್ಕೆ ಹಿಡಿದು, ಐದೂವರೆ ಗಂಟೆ ಕೂಡಿಸಿದರೆ ಮುಗೀತು. ಇದೇ ಕ್ಷಣದಲ್ಲಿ ಲಂಡನ್ನಿನಲ್ಲಿ ಇನ್ನೂ 22ನೇ ತಾರೀಖಿನ ಸಂಜೆ. ಎಣಿಕೆ ಒಂದೇ, ತಾರೀಖು ಮಾತ್ರ ಆಯಾ ಊರಿನವರು ಒಪ್ಪಿಕೊಂಡಿದ್ದು.

ತೊಂದರೆ ಬರೋದು ಎಣಿಕೆಯೇ ಇಲ್ಲದಾಗ. ತಾರೀಖಿನ ಜಾಗ ಖಾಲಿ ಇದ್ದರೆ ಎಷ್ಟೋ ಪ್ರೋಗ್ರಾಮುಗಳು ಅಲ್ಲಿ ಸೊನ್ನೆ ಇಟ್ಟುಬಿಡುತ್ತವೆ. ಪರದೆಯ ಮೇಲೆ 1970ರ ಜನವರಿ 1 ಅಂತ ಬರುತ್ತೆ. ಯಾರಿಗೂ ಗೊತ್ತಿಲ್ಲದ ಸಂಗತಿಗೆ ಈಗ ದಿನ, ತಿಂಗಳು, ವರ್ಷ ಎಲ್ಲಾ ಇದೆ. ಇದನ್ನು ಸುಳ್ಳು ಅನ್ನಬಹುದಾ?

ನಮ್ಮ ಕಡೆ ಈ ಕೆಲಸವನ್ನು ಕಂಪ್ಯೂಟರಿಗಿಂತ ಮೊದಲೇ ಮೇಷ್ಟ್ರುಗಳು ಮಾಡಿದ್ದಾರೆ. ಜೂನ್ 1ಕ್ಕೆ ಹುಟ್ಟಿದವರು ಹಳ್ಳಿಗಳಲ್ಲಿ ಎಷ್ಟು ಜನ ಇದ್ದಾರೆ ನೋಡಿ! ಶಾಲೆ ಶುರುವಾಗೋ ಹೊತ್ತಿಗೆ ವಯಸ್ಸು ಸರಿಹೋಗಲಿ ಅಂತ ಬರೆದ ತಾರೀಖು ಅದು. ಮನೆಯವರ ಲೆಕ್ಕ ಬೇರೆ ಇತ್ತು. ರೋಹಿಣಿ ಮಳೆ ಹುಯ್ದಾಗ, ರೇಷ್ಮೆಹುಳ ನಾಲ್ಕನೇ ಜ್ವರಕ್ಕೆ ಕೂತಾಗ, ಕಬ್ಬಾಳಮ್ಮನ ಜಾತ್ರೆ ಆದಮೇಲೆ. ಇದು ದಡ್ಡತನವಲ್ಲ. ಗೊತ್ತಿರೋದನ್ನು ಗೊತ್ತಿರೋಷ್ಟೇ ಹೇಳೋ ಮಾತು.

ನಮ್ಮೂರಲ್ಲಿ ಒಬ್ಬರು ದೊಡ್ಡಮ್ಮ ಇದ್ದಾರೆ. 'ಬೆಟ್ಟದ ತಾವ ಶೋಲೆ ಶೂಟಿಂಗ್ ನಡೀವಾಗ ನನ್ ಮೊದಲ್ನೇ ಮಗ ಕಂಕುಳಲ್ಲಿದ್ದ ಕಣಪ್ಪ' ಅಂತಾರೆ. ರಾಮದೇವರ ಬೆಟ್ಟದ ಹತ್ತಿರ ಆ ಶೂಟಿಂಗ್ ಶುರುವಾಗಿದ್ದು 1973ರಲ್ಲಿ. ಅವರ ದಾಖಲೆಯಲ್ಲಿ ಇರೋದು 01/01/1964. ಕಾಗದ ನಂಬಿದರೆ ಒಂಬತ್ತು ವರ್ಷಕ್ಕೆ ತಾಯಿಯಾಗಿರಬೇಕು! ಸಂಧ್ಯಾ ಸುರಕ್ಷಾ ಪಿಂಚಣಿಗೆ 65 ತುಂಬಿರಬೇಕು. ಕೌಂಟರಿನಲ್ಲಿ ಕೂತವರು ಅವರ ಮುಖ ನೋಡಲಿಲ್ಲ, ತಾರೀಖು ನೋಡಿದರು. '2029ಕ್ಕೆ ಬನ್ನಿ' ಅಂದರು.

ತಾರೀಖೇ ಇಲ್ಲದೆ ಕಚೇರಿ ನಡೆಸೋಕಾಗಲ್ಲ, ಒಪ್ಪುತ್ತೇನೆ. ಜೂನ್ 1 ಅಂತ ಬರೆದ ಮೇಷ್ಟ್ರನ್ನೂ ನಾನು ತಪ್ಪು ಅನ್ನಲ್ಲ. ಅವರ ಅಂದಾಜಿನಿಂದಲೇ ಎಷ್ಟೋ ಮಕ್ಕಳು ಅಕ್ಷರ ಕಲಿತರು. ಆ ಅಂದಾಜು ಒಂದು ಬಾಗಿಲು ತೆಗೀತು. ದೊಡ್ಡಮ್ಮನ ಅಂದಾಜು ಬಾಗಿಲು ಮುಚ್ಚಿತು. ಎರಡೂ ಊಹೆಯೇ. ವ್ಯತ್ಯಾಸ ಏನಂದ್ರೆ, ಮೇಷ್ಟ್ರಿಗೆ ತಾನು ಊಹಿಸಿ ಬರೀತಿದೀನಿ ಅಂತ ಗೊತ್ತಿತ್ತು. ಕೌಂಟರಿಗೆ ಬರೋ ಹೊತ್ತಿಗೆ ಅದು ಊಹೆ ಅನ್ನೋದೇ ಅಳಿಸಿಹೋಗಿತ್ತು. ನನ್ನ ಪ್ರಕಾರ ಅನ್ಯಾಯ ಇರೋದು ಊಹೆಯಲ್ಲಲ್ಲ, ಆ ಅಳಿಸುವಿಕೆಯಲ್ಲಿ.

ಆಧಾರ್ ನೋಂದಣಿಯಲ್ಲಿ ಹುಟ್ಟಿದ ದಿನಕ್ಕೆ ಮೂರು ಬಗೆ ಇದೆ: ದಾಖಲೆ ನೋಡಿ ಬರೆದದ್ದು, ಬಾಯಲ್ಲಿ ಹೇಳಿದ್ದು, ಅಂದಾಜು. ಎಷ್ಟು ಒಳ್ಳೆ ಯೋಚನೆ! ಆದರೆ ಒಂದು ಅರ್ಜಿಯಿಂದ ಇನ್ನೊಂದಕ್ಕೆ ನಕಲಾಗುವಾಗ ಎಂಟು ಅಂಕಿ ಮಾತ್ರ ಹೋಗುತ್ತೆ, 'ಅಂದಾಜು' ಅನ್ನೋ ಪದ ಹಿಂದೆ ಉಳಿಯುತ್ತೆ.

ಇಂಥ ಅರ್ಜಿಗಳ ಹಿಂದಿನ ಟೇಬಲ್ಲುಗಳನ್ನು ಬರೆಯೋರು ನಾವೇ, ಹೊರಗಿನವರಲ್ಲ. ಡೇಟಾಬೇಸಿನಲ್ಲಿ ಸೊನ್ನೆಗೂ ನಲ್‌ಗೂ ವ್ಯತ್ಯಾಸ ಇದೆ ಅಂತ ಕೆಲಸಕ್ಕೆ ಸೇರಿದ ಮೊದಲ ವಾರವೇ ಕಲೀತೀವಿ. ಅದನ್ನು ಬರೀ ಟೆಸ್ಟ್ ಪಾಸಾಗೋಕೆ ಅಂದ್ಕೋತೀವಿ. ಒಂದು ಕಾಲಂ ಹೆಚ್ಚಿಗೆ ಇಟ್ಟು, ಈ ತಾರೀಖು ಎಲ್ಲಿಂದ ಬಂತು ಅಂತ ಬರೆದಿಟ್ಟರೆ ಖರ್ಚೇನೂ ಇಲ್ಲ. ಮುಂದೆ ಅದನ್ನು ಓದುವವರು ಒಂದು ಗಳಿಗೆ ಅನುಮಾನ ಪಡೋಕೆ ಅವಕಾಶ ಸಿಗುತ್ತೆ. ಎದುರಿಗೆ ನಿಂತ ಮನುಷ್ಯರನ್ನು ತಲೆಯೆತ್ತಿ ನೋಡೋಕೆ ಕೆಲವು ಸಲ ಅಷ್ಟು ಅನುಮಾನ ಸಾಕು.